ಎದುರಿನ ಹಲ್ಲು

ಮಾನ್ಯ ಅಧ್ಯಕ್ಷರೇ, ಬೇಗ ಮುಗಿಸಯ್ಯಾ ಎಂದು ಆಗಲೇ ಗಡಿಯಾರ ತೋರಿಸುತ್ತಿರುವ ನಿರ್ದೇಶಕರೇ, ವೇದಿಕೆಯ ಮೇಲಿರುವ ದಂತವೈದ್ಯರೇ, ಮುಂದಿನ ಸಾಲಿನ ಹಿರಿಯರೇ, ಸಭಿಕರೇ,

ದವಡೆಯ ಮೂಳೆಗೆ ಕೂರಿಸುವ ಹಲ್ಲಿಗೆ ಯಾವ ಪಿಂಗಾಣಿ ತಕ್ಕದ್ದು? ಅದನ್ನು ಪರೀಕ್ಷಿಸುವುದು ನಮ್ಮ ವಿಭಾಗದ ಕೆಲಸ. ನಮ್ಮ ಹೊಸ ಪಿಂಗಾಣಿ ಈ ವರ್ಷದ ಅತಿ ಗಟ್ಟಿ ವಸ್ತುವೆಂದು ಫಲಕ ಕೊಟ್ಟಿದ್ದೀರಿ. ಗಟ್ಟಿ ಎಂದರೆ ಎಷ್ಟು ಗಟ್ಟಿ? ಉಪ್ಪುನೀರಲ್ಲಿ ಕುದಿಸಿದೆವು, ಜಗ್ಗಲಿಲ್ಲ. ಮಂಜುಗಡ್ಡೆಯಲ್ಲಿ ಹೂತೆವು, ಜಗ್ಗಲಿಲ್ಲ. ಹಗಲಿರುಳು ಜಗಿಯುವ ಯಂತ್ರದ ಉಕ್ಕಿನ ಗುಂಡಿಗೆ ಒಡ್ಡಿದೆವು, ಗುಂಡೇ ಸವೆಯಿತು. ಆ ಯಂತ್ರವನ್ನು ಪ್ರಯೋಗಾಲಯದಲ್ಲಿ ‘ಅತ್ತೆ’ ಎನ್ನುತ್ತಾರೆ. ಹೆಸರಿಟ್ಟವನು ನಾನಲ್ಲ. ಮುಂದಿನ ಸಾಲಿನವರು ಇದನ್ನು ದಯವಿಟ್ಟು ಗಮನಿಸಬೇಕು.

ಯಂತ್ರವಾಯಿತು, ಇನ್ನು ಮನುಷ್ಯರ ಬಾಯಿ ಬೇಕು. ಯಾರ ಬಾಯಿ? ನಾನು ಮದುವೆಯಾಗಬೇಕೆಂದಿರುವ ಹುಡುಗಿಯ ತಾಯಿಗೆ ಮೇಲಿನ ಒಂದು ಹಲ್ಲು ಇರಲಿಲ್ಲ. ಅವರೆಂದರು, “ನೋಡಪ್ಪಾ, ನಿನ್ನ ಸಂಬಳ ಗಿಂಬಳ ನಾನು ಕೇಳಲ್ಲ. ನೀನು ಮಾಡಿದ ಹಲ್ಲು ನನ್ನ ಬಾಯಲ್ಲಿ ನಿಂತ್ರೆ ಮಗಳನ್ನ ಕೊಡ್ತೀನಿ. ಸುಮ್ನೆ ಹಲ್ಲು ಕಿರಿಯೋರನ್ನ ಬೇಕಾದಷ್ಟು ನೋಡಿದೀನಿ.”

ವೈದ್ಯರು ಕೂರಿಸಿದರು. ಮೂಳೆ ಒಪ್ಪಿಕೊಂಡಿತು. ಕಳೆದ ಭಾನುವಾರ ಅವರ ಮನೆಯಲ್ಲಿ ಊಟ. ಕೈತೊಳೆದು ಬಂದು ಅವರೊಂದು ಬಾದಾಮಿ ಬಾಯಿಗೆ ಹಾಕಿಕೊಂಡರು. ಕಟಕ್!

ಸಭಿಕರೇ, ಹಲ್ಲು ಮುರಿದಿತ್ತು. ನಮ್ಮದಲ್ಲ. ಅದರ ಎದುರಿಗಿದ್ದ, ಅವರ ಸ್ವಂತದ್ದು.

ಚೂರನ್ನು ಅಂಗೈಯಲ್ಲಿಟ್ಟುಕೊಂಡು ಕೇಳಿದರು: “ನಿನ್ನದು ನಿಂತಿದೆಯಪ್ಪಾ, ನನ್ನದು ಹೋಯ್ತು. ಮೇಲೊಂದು ಹಲ್ಲಿದ್ರೆ ಕೆಳಗೂ ಒಂದಿರುತ್ತೆ ಅಂತ ನಿಮ್ಮಲ್ಲಿ ಒಬ್ಬರಿಗೂ ಹೊಳೀಲಿಲ್ವಾ?”

ಹೊಳೆಯಲಿಲ್ಲ. ವಿಭಾಗದಲ್ಲಿ ಏಳು ಮಂದಿ ಇದ್ದೇವೆ, ಎಲ್ಲರಿಗೂ ಎರಡೆರಡು ದವಡೆಗಳಿವೆ. ಆದರೂ ಹೊಳೆಯಲಿಲ್ಲ.

ಆದ್ದರಿಂದ ಈ ಫಲಕ ನಿಮ್ಮಲ್ಲೇ ಇರಲಿ. ತಾನೂ ಮುರಿಯದೆ ಎದುರಿನದನ್ನೂ ಮುರಿಯದ ಪಿಂಗಾಣಿ ಸಿಕ್ಕಾಗ ಕೊಡಿ. ಒಂದೇ ಬಾಯಲ್ಲಿ ಬಾಳಬೇಕಾದವರಿಗೆ ಬರೀ ಗಟ್ಟಿತನ ಸಾಕೇ? ಇದನ್ನು ನಾನು ಪಿಂಗಾಣಿಯ ಬಗ್ಗೆಯೇ ಹೇಳುತ್ತಿದ್ದೇನೆ. ಬಹುಮಟ್ಟಿಗೆ.

ಷರತ್ತಿನ ಪ್ರಕಾರ ನನ್ನ ಹಲ್ಲು ನಿಂತಿದೆ. ಆದರೆ ಹೆಣ್ಣು ಕೊಡುತ್ತಾರೋ ಇಲ್ಲವೋ, ಭಾನುವಾರದಿಂದ ಅವರು ಬಾಯಿ ಬಿಟ್ಟಿಲ್ಲ. ಇಲ್ಲಿಯೂ ಮುಂದಿನ ಸಾಲಿನಲ್ಲಿ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು ಕುಳಿತಿದ್ದಾರೆ. ಅಮ್ಮಾ, ಮನೆಯಲ್ಲಿ ಕೇಳಲು ಧೈರ್ಯ ಸಾಲಲಿಲ್ಲ, ಇಲ್ಲಿ ಮೈಕಾದರೂ ಇದೆ. ಒಪ್ಪಿಗೆಯಿದ್ದರೆ ಒಮ್ಮೆ ನಕ್ಕುಬಿಡಿ.

ಕರವಸ್ತ್ರ ಇಳಿಯಿತು... ನಕ್ಕರು! ಸಭಿಕರೇ, ನಕ್ಕರು!

ವೈದ್ಯರೇ, ಓಡಿ. ಅವರು ಬಾಯಿ ಮುಚ್ಚುವುದರೊಳಗೆ ಕೆಳಗಿನದರ ಅಳತೆ ತೆಗೆದುಕೊಳ್ಳಿ. ತಾಳ್ಮೆಯಿಂದ ಕೇಳಿದ ನಿಮಗೆಲ್ಲ ವಂದನೆಗಳು, ನಮಸ್ಕಾರ.