ಹೆಜ್ಜೆ ಕೇಳುತ್ತಿದ್ದ ಶೆಟ್ಟೆಪ್ಪನವರು

ಸಭೆಗೆ ಬಂದ ಹಿರಿಯರೆ, ನಮ್ಮ ಹೈಸ್ಕೂಲಿನ ಗುರುಗಳೆ, ಆಟಗಾರ ಹುಡುಗರೆ, ಅಂಕಲಗಿಯ ಬಂಧುಗಳೆ — ಸತ್ತೆವ್ವ ತಾಯಿ, ನಿಮಗೆ ನನ್ನ ನಮಸ್ಕಾರ. ನಾನು ಗುರುಲಿಂಗಪ್ಪ. ಒಂಬತ್ತು ವರ್ಷ ನಿಮ್ಮ ಯಜಮಾನ ಶೆಟ್ಟೆಪ್ಪನವರ ಜೊತೆ ಅಂಕಣದ ಬದಿಯ ಒಂದೇ ಬಾಕಿನ ಮೇಲೆ ಕೂತವನು. ನಾನು ಬಾಸ್ಕೆಟ್‌ಬಾಲ್ ಮಾಸ್ತರ, ಅವರು ನನ್ನ ಸಹಾಯಕರು. ಕಾಗದದ ಮೇಲೆ ಹಾಗಿತ್ತು.

ಶೆಟ್ಟೆಪ್ಪನವರು ಕುರಿ ಕಾಯುವ ಮನೆಯಿಂದ ಬಂದವರು. ಧಾರವಾಡದಲ್ಲಿ ಕಾಲೇಜಿಗೆ ಆಡುವಾಗ ಅವರು ಜಿಗಿದರೆ ಕೈ ರಿಂಗಿಗೆ ತಾಕುತ್ತಿತ್ತಂತೆ — ಇಷ್ಟೆತ್ತರ! ಒಂದು ಪಂದ್ಯದಲ್ಲಿ ಮೊಣಕಾಲು ಮುರಿಯಿತು. ಆಮೇಲೆ ಎಡಗಾಲು ಎಳೆಯುತ್ತಲೇ ನಡೆದರು. ಕುಂಟುವವರಿಗೆ ಯಾರೂ ಮುಖ್ಯ ಮಾಸ್ತರಿಕೆ ಕೊಡಲಿಲ್ಲ.

ನೀವು ನೋಡಿದ್ದೀರಿ — ಆಟ ನಡೆದಾಗ ಅವರು ಕಣ್ಣು ಮುಚ್ಚಿ ಕೂರುತ್ತಿದ್ದರು. ಹೀಗೆ. ತಲೆ ಬಗ್ಗಿಸಿ. ನಿದ್ದೆ ಎಂದುಕೊಂಡು ಒಮ್ಮೆ ಭುಜ ಅಲುಗಿಸಿದೆ.

"ನಿದ್ದಿ ಅಲ್ರಿ ಸಾಹೇಬ್ರ, ಹೆಜ್ಜಿ ಕೇಳಾಕತ್ತೇನಿ. ಜಡ್ಡಾದ ಕುರಿ ಬೀಳೂಕಿಂತ ಮೊದಲ ಅದರ ಕಾಲ್ಸಪ್ಪಳ ಬ್ಯಾರೆ ಆಗತೈತಿ. ನಮ್ಮವ್ವ ಕಲಿಸ್ಯಾಳ."

ನಾನು ನಕ್ಕೆ.

ಎರಡು ವರ್ಷದ ಹಿಂದೆ ಹುಕ್ಕೇರಿಯಲ್ಲಿ ಪಂದ್ಯಾವಳಿಯ ಕೊನೆಯ ಪಂದ್ಯ. ನಾವು ನಾಲ್ಕು ಅಂಕ ಮುಂದೆ. ನಮ್ಮ ಯಲ್ಲಾರಿ ಕುದುರೆಯ ಹಾಗೆ ಓಡುತ್ತಿದ್ದಾನೆ. ಶೆಟ್ಟೆಪ್ಪನವರು ಕಣ್ಣು ತೆರೆದರು. ಮುಖ ಬಿಳಚಿಕೊಂಡಿತ್ತು.

"ಯಲ್ಲಾರೀನ ಹೊರಗ ಕರೀರಿ. ಹತ್ತು ಮಂದಿ ಓಡಾಕತ್ತಾರ, ನನಗ ಒಂಬತ್ತ ಮಂದಿ ಹೆಜ್ಜಿ ಕೇಳಾಕತ್ತಾವ."

"ಹುಚ್ಚು ಹಿಡದೈತೇನ್ರಿ ನಿಮಗ?" ಎಂದೆ.

ಅವರು ಬಾಕಿನಿಂದ ಎದ್ದರು. ಕಾಲೆಳೆಯುತ್ತ ಅಂಕಣದ ನಡುವೆ ಹೋದರು, ಚೆಂಡು ಕಸಿದು ಎದೆಗೆ ಅವಚಿಕೊಂಡು ನಿಂತರು. ಪಂಚರು ಸೀಟಿ ಊದಿದರು. ಅವರು ಚೆಂಡು ಬಿಡಲೇ ಇಲ್ಲ, ಆಟ ಕೆಡಿಸಿದ್ದಕ್ಕೆ ಗೆಲುವು ಎದುರಿನವರಿಗೆ ಹೋಯಿತು.

ಮರಳಿ ಬಂದ ಕೂಡಲೇ ನಾನು ಹೆಡ್‌ಮಾಸ್ತರರ ಮೇಜಿನ ಮೇಲೆ ಶೆಟ್ಟೆಪ್ಪನವರ ವಿರುದ್ಧ ಒಂದು ತಕರಾರಿನ ಕಾಗದ ಇಟ್ಟೆ. ಹೆಸರು ಹಾಕಲಿಲ್ಲ. ಮರುದಿನ ಯಲ್ಲಾರಿ ತನ್ನ ಮನೆಯ ಹೊಸ್ತಿಲಲ್ಲಿ ಕುಸಿದ. ಡಾಕ್ಟರರು ಅವನ ಎದೆಗೆ ನಳಿಗೆ ಹಚ್ಚಿ, "ಗುಂಡಿಗೆ ಸೋತಿದೆ. ನಿನ್ನೆ ಇನ್ನೂ ಓಡಿದ್ದರೆ ಅಲ್ಲೇ ಮುಗಿಯುತ್ತಿತ್ತು" ಎಂದರು. ಅವನು ಬದುಕಿದ. ಅಗೋ, ಆ ಕಂಬದ ಹತ್ತಿರ ಕೂತಿದ್ದಾನೆ.

ಇಷ್ಟಾದರೂ — ಕೇಳಿ — ನಾನು ಆ ಕಾಗದ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಾಚಿಕೆಯಾಯಿತು. ಶೆಟ್ಟೆಪ್ಪನವರನ್ನು ಮೂಡಲಗಿಯ ಒಂದು ಸಣ್ಣ ಶಾಲೆಗೆ ಹಾಕಿದರು. ಅಲ್ಲಿ ಚೆಂಡೂ ಇರಲಿಲ್ಲ, ರಿಂಗೂ ಇರಲಿಲ್ಲ. ಮರಳಿ ಬಂದದ್ದು ಈ ಜೂನಿನಲ್ಲಿ.

ಕಳೆದ ಸೋಮವಾರ ಸಂಜೆಯ ಅಭ್ಯಾಸ. ನಾನು ಹುಡುಗರ ಕಡೆ ಮುಖ ಮಾಡಿ ನಿಂತಿದ್ದೆ. ಬೆನ್ನ ಹಿಂದೆಯೇ ದನಿ —

"ನಾ ಬಂದದ್ದು ಗೊತ್ತಾತೇನ್ರಿ?"

ಬೆಚ್ಚಿಬಿದ್ದೆ. ಅವರು ಬಂದದ್ದು ಸಣ್ಣ ಕಲ್ಲು ಹಾಸಿದ ಗರಸಿನ ದಾರಿಯಲ್ಲಿ. ಆ ಎಳೆಯುವ ಕಾಲಿನ ಸಪ್ಪಳ ಗೇಟಿನಿಂದಲೇ ಕೇಳಬೇಕಿತ್ತು. ಏನೂ ಕೇಳಿರಲಿಲ್ಲ. ಏನೂ!

"ಗೊತ್ತಾತ್ರಿ," ಎಂದೆ.

"ಸುಳ್ಳ ಹೇಳಬ್ಯಾಡ್ರಿ. ನನ್ನ ಹೆಜ್ಜಿ ಮುಂಜಾನಿಂದ ನನಗೂ ಕೇಳಿಸವಲ್ದು." ಹತ್ತಿರ ಬಂದು, ಮೆಲ್ಲಗೆ, "ಕಾಗದ ಬರದವ್ರು ನೀವ ಅನ್ನೂದೂ ಗೊತ್ತೈತ್ರಿ. ಅವತ್ತ ಹೆಡ್‌ಮಾಸ್ತರ ಖೋಲಿ ಮುಂದಿನ ಪಡಸಾಲ್ಯಾಗ ನಿಮ್ಮ ಹೆಜ್ಜಿ ಕಳ್ಳನ ಹೆಜ್ಜಿ ಆಗಿತ್ತು."

ಬೈಯಲಿಲ್ಲ. ಬಾಕಿನ ಮೇಲೆ ಕೂತು ಕಣ್ಣು ಮುಚ್ಚಿದರು. ಬಹಳ ಹೊತ್ತು ಕೇಳಿ, "ಹುಡುಗೂರು ಎಲ್ಲಾರೂ ಅದಾರ. ಚಲೋ ಆತು," ಎಂದರು.

ಗುರುವಾರ ಬೆಳಿಗ್ಗೆ ಸತ್ತೆವ್ವ ತಾಯಿ ಚಹಾ ತಂದು ಕರೆದಾಗ ಅವರು ಏಳಲಿಲ್ಲ.

ತಾಯಿ, ನಿಮ್ಮನ್ನು ಮೂಡಲಗಿಗೆ ಕಳಿಸಿದವನು ನಾನು. ಇದನ್ನು ಎಲ್ಲರೆದುರು ಹೇಳುವುದಕ್ಕೇ ಇವತ್ತು ಎದ್ದು ನಿಂತೆ. ನಾನು —

ಏನಂದಿರಿ ತಾಯಿ?

"ಮಾತು ಸಾಕ್ರಿ ಮಾಸ್ತರ. ಎಲ್ಲಾರೂ ಎದ್ದ ನಿಂದರ್ರಿ" ಎನ್ನುತ್ತಿದ್ದಾರೆ.

ಆಗಲಿ. ಎಲ್ಲರೂ ಏಳಿ. ಎರಡು ನಿಮಿಷ ಶೆಟ್ಟೆಪ್ಪನವರನ್ನು ನೆನೆದು ಮೌನವಾಗಿರೋಣ. ನಾನೂ ಈ ವೇದಿಕೆ ಇಳಿದು, ನಿಮ್ಮೆಲ್ಲರ ಹಿಂದೆ ನಿಲ್ಲುತ್ತೇನೆ.