ಲಮಾಯಕ್ಕ ಹೆಸರು ಕೂಗಿದ ರಾತ್ರಿ

ಹತ್ತೂವರೆ ದಾಟಿತ್ತು. ಅಯುತ್ಥಯಾದ ನದಿಬದಿಯಲ್ಲಿ ನೂಡಲ್ಸ್ ತಿಂದು ಮೂವರೂ ವಿಹಾರದ ಛತ್ರಕ್ಕೆ ವಾಪಸ್ ನಡೆದಿದ್ದರು. ಮುಂದೆ ಗಾಲ್ಫ್, ಹಿಂದೆ ಕೋಯ್, ನಡುವೆ ಜಿಯಾಬ್. ಎಲ್ಲ ಅಡ್ಡಹೆಸರು. ಮೂವತ್ತರ ಗಂಡಸು ಗಾಲ್ಫ್, ಆ ಆಟದ ಮೈದಾನವನ್ನು ಜನ್ಮದಲ್ಲಿ ಕಂಡವನಲ್ಲ! ನಮ್ಮ ಥಾಯ್ ಜನರಲ್ಲಿ ಹೀಗೇ. ಹತ್ತು ವರ್ಷ ಜೊತೆಗೆ ಮೀನು ಸೀಳಿದರೂ ಒಬ್ಬರ ನಿಜ ಹೆಸರು ಇನ್ನೊಬ್ಬರ ಬಾಯಿಗೆ ಬರುವುದಿಲ್ಲ. ಅದು ಕಾಗದಕ್ಕೆ ಮಾತ್ರ.

ಇದನ್ನು ನನಗೆ ಹೇಳಿದವಳು ಪಕ್ಕದ ಕೋಣೆಯ ಜಿಯಾಬ್. ಸುಳ್ಳು ಹೇಳುವ ಹೆಂಗಸಲ್ಲ.

ಶನಿವಾರ ನಮ್ಮೂರು ಮಹಾಚೈಯಿಂದ ಎರಡು ರೈಲು ಹಿಡಿದು ಬಂದಿದ್ದರು. ಜೊತೆಗೆ ದುಡಿಯುತ್ತಿದ್ದ ಲಮಾಯಕ್ಕ ಸತ್ತು ನೂರು ದಿನ. ಸುಟ್ಟುಳಿದ ಅವಳ ಮೂಳೆ ಅಲ್ಲಿನ ವಿಹಾರದ ಗೋಡೆಯಲ್ಲಿದೆ. ಬೆಳಿಗ್ಗೆ ಭಿಕ್ಷುಗಳಿಗೆ ಊಟ ಬಡಿಸಿ, ಪುಣ್ಯ ಅವಳಿಗೆ ಮುಟ್ಟಿಸಬೇಕಿತ್ತು.

ಸತ್ತದ್ದು ಹೇಗೆ? ಮೀನು ಫ್ಯಾಕ್ಟರಿಯ ಶೀತಕೋಣೆಯ ಬಾಗಿಲಿಗೆ ಒಳಗಡೆ ಹಿಡಿಕೆ ಇರಲಿಲ್ಲ. ಹಾಕಿಸಿ ಎಂದು ಅವಳೇ ಅರ್ಜಿ ಬರೆದಳು. ಹನ್ನೊಂದು ಜನ ನಿಜ ಹೆಸರು ಬರೆದು ಸಹಿ ಹಾಕಿದರು. ಕಾರ್ಮಿಕ ಕಚೇರಿಗೆ ಕೊಡುವ ಮೊದಲೇ ಯಾರೋ ಮಾಲೀಕನಿಗೆ ಹೆಸರುಗಳನ್ನು ಮುಟ್ಟಿಸಿದ್ದರು. ಅದೇ ವಾರ ಅವಳೊಬ್ಬಳನ್ನೇ ರಾತ್ರಿ ಪಾಳಿಗೆ ಶೀತಕೋಣೆಗೆ ನೂಕಿದರು. ಬಾಗಿಲು ಮುಚ್ಚಿಕೊಂಡಿತು. ಅಪಘಾತ ಅಂತ ಬರೆದುಕೊಂಡರು. ಥೂ! ಕೊಂದವರಿಗೆ ಎಷ್ಟು ಸಲೀಸಾದ ಮಾತು!

ಸಹಿಯಾದ ಮೇಲೆ ಆ ಕಾಗದ ಲಮಾಯಕ್ಕನನ್ನು ಬಿಟ್ಟರೆ ಈ ಮೂವರ ಮನೆಯಲ್ಲಿ ಮಾತ್ರ ಒಂದೊಂದು ರಾತ್ರಿ ಇತ್ತು. ಈಗ ಜಿಯಾಬ್ ಮತ್ತೆ ಅರ್ಜಿ ಬರೆದು ಒಳಜೇಬಿನಲ್ಲಿ ಇಟ್ಟುಕೊಂಡಿದ್ದಳು. ಹೆಸರು ಮಾರಿದವರು ಕೋಯ್, ಗಾಲ್ಫ್ ಇಬ್ಬರಲ್ಲಿ ಯಾರು? ಗೊತ್ತಾಗದೆ ಸೋಮವಾರ ಅದನ್ನು ಹೊರಗೆ ತೆಗೆದರೆ, ಶೀತಕೋಣೆಗೆ ಮುಂದಿನ ಸರದಿ ಅವಳದೇ.

ಅವಳ ಅನುಮಾನ ಕೋಯ್ ಮೇಲೆ. ರೈಲಿನುದ್ದಕ್ಕೂ ಕೋಯ್ ಫೋನು ಒತ್ತುತ್ತಲೇ ಇದ್ದಳು.

"ಯಾರಿಗೇ ಅಷ್ಟೊಂದು ಮೆಸೇಜು?" ಜಿಯಾಬ್ ಕೇಳಿದ್ದಳು.

"ನನ್ನ ಗಂಡನಿಗೆ. ನೀನೇನು ಪೊಲೀಸಾ?"

"ಅವ್ನು ಬಿಟ್ಟು ಹೋಗಿ ವರ್ಷ ಆಯ್ತಲ್ಲೇ."

"ಅದಕ್ಕೇ. ಬೈತಾ ಇದೀನಿ."

ಗಾಲ್ಫ್ ನಕ್ಕಿದ್ದ. ಜಿಯಾಬ್ ನಕ್ಕಿರಲಿಲ್ಲ.

ಛತ್ರದ ದಾರಿಯಲ್ಲಿ ಬಣ್ಣದ ಬಟ್ಟೆ ಸುತ್ತಿದ ಬೋಧಿಮರ. ಪಕ್ಕದಲ್ಲಿ ಹಳೇ ಇಟ್ಟಿಗೆಯ ಬಾವಿ. ಅಲ್ಲಿಗೆ ಬಂದಾಗ ಬೊಗಳುತ್ತಿದ್ದ ನಾಯಿಗಳು ಒಟ್ಟಿಗೇ ಸುಮ್ಮನಾದವು.

ಪಚಕ್... ಪಚಕ್... ಪಚಕ್...

ಒದ್ದೆ ರಬ್ಬರ್ ಬೂಟಿನ ಸದ್ದು. ಫ್ಯಾಕ್ಟರಿ ನೆಲದ ಮೇಲೆ ದಿನಾ ಕೇಳುವಂಥದ್ದು. ಮೂವರ ಕಾಲಲ್ಲೂ ಇದ್ದದ್ದು ಹವಾಯಿ ಚಪ್ಪಲಿ.

"ಸುಪಾನೀ ತೊಂಗ್‌ಮಾ..."

ಜಿಯಾಬಳ ನಿಜ ಹೆಸರು. ಹೆಂಗಸಿನ ದನಿ. ಚಳಿಗೆ ಹಲ್ಲು ಕಟಕಟ ಕಡಿಯುತ್ತಾ ಓದಿದ ಹಾಗಿತ್ತು. ಕೋಯ್ ಅವಳ ಮಣಿಕಟ್ಟು ಹಿಡಿದಳು.

"ಓಗೊಡಬೇಡ," ಪಿಸುಗುಟ್ಟಿದಳು. "ರಾತ್ರಿ ಕೂಗಿದ್ರೆ ಓಗೊಡಬಾರದು."

"ರತ್ತನಾ ಸೀದಾ..."

ಕೋಯ್ ಉಗುರು ಜಿಯಾಬಳ ಚರ್ಮಕ್ಕಿಳಿಯಿತು. ಅದು ಕೋಯ್‌ಳ ನಿಜ ಹೆಸರು. ತುಟಿ ಬಿಚ್ಚಲಿಲ್ಲ.

ಪಚಕ್... ಪಚಕ್...

"ಸೋಂಬತ್ ಕೇವ್‌ತಾ..."

ಫ್ಯಾಕ್ಟರಿಯಲ್ಲಿ ಐಸು ಹೊರುವ ಮುದುಕನ ಹೆಸರು. ಅವನು ಮಹಾಚೈಯಲ್ಲಿ ಮಲಗಿದ್ದ. ಆಗ ಜಿಯಾಬಳಿಗೆ ಹೊಳೆಯಿತು. ಇದು ಲಮಾಯಕ್ಕನ ಅರ್ಜಿಯ ಪಟ್ಟಿ. ಅದೇ ಕ್ರಮ. ಆದರೆ ಕೋಯ್ ಆದಮೇಲೆ, ಮುದುಕನಿಗಿಂತ ಮೊದಲು, ಗಾಲ್ಫ್ ಹೆಸರು ಇರಬೇಕಿತ್ತು...

ಗಾಲ್ಫ್‌ಗೂ ಹೊಳೆದಿತ್ತು.

"ನನ್ನದು ಬಿಟ್ಟುಹೋಯ್ತು," ಅಂದ ಮೆಲ್ಲಗೆ.

"ಬಾಯ್ಮುಚ್ಚೋ!" ಅಂದಳು ಕೋಯ್.

"ಅಕ್ಕಾ!" ಅವನು ಬಾವಿಯ ಕಡೆ ತಿರುಗಿ ಕಿರುಚಿದ. "ನಾನೂ ಸಹಿ ಹಾಕಿದ್ದೆನಲ್ಲಕ್ಕಾ! ನನ್ನ ಹೆಸರು ಯಾಕೆ ಕೂಗಲ್ಲ?"

ಸದ್ದು ನಿಂತಿತು. ಗಾಲ್ಫ್ ಬಾವಿಗೆ ಕೈಮುಗಿದ.

"ಮಾಲೀಕರಿಗೆ ಅರ್ಜಿಯ ಫೋಟೋ ತೆಗೆಯುವಾಗ... ಹೆಬ್ಬೆರಳು ಇಟ್ಟಿದ್ದೆ. ನನ್ನ ಹೆಸರಿನ ಮೇಲೆ. ಮೇಸ್ತ್ರಿ ಮಾಡ್ತೀನಿ ಅಂದಿದ್ರು. ನಿನ್ನನ್ನ ಒಳಗೆ ಹಾಕ್ತಾರೆ ಅಂತ ಗೊತ್ತಿರ್ಲಿಲ್ಲಕ್ಕಾ..."

ಬಾವಿಯೊಳಗೆ ಗುಳುಂ ಅಂತ ಒಂದು ಸದ್ದು. ಆಮೇಲೆ ನಾಯಿಗಳು ಮತ್ತೆ ಬೊಗಳಿದವು.

ಬೆಳಿಗ್ಗೆ ಭಿಕ್ಷುಗಳ ಮುಂದೆ ಮೂವರೂ ಕೂತರು. ಅನ್ನ ಬಡಿಸಲು ಗಾಲ್ಫ್ ಕೈ ಚಾಚಿದಾಗ ಕೋಯ್ ಸೌಟು ಕಿತ್ತುಕೊಂಡಳು. ಏಪ್ರಿಲ್ ಬಿಸಿಲಿಗೆ ಮಧ್ಯಾಹ್ನದ ರೈಲು ಕುಲುಮೆಯಾಗಿತ್ತು. ಗಾಲ್ಫ್ ಎದುರಿನ ಸೀಟಿನಲ್ಲಿ ಮುದುಡಿ ಕೂತು ಚಳಿಗೆ ನಡುಗುತ್ತಿದ್ದ. ಜಿಯಾಬ್ ಹೊಸ ಅರ್ಜಿ ಹೊರಗೆ ತೆಗೆದಳು.

"ಸೋಮವಾರ ಯಾರು ಕೊಡೋದು?" ಕೋಯ್ ಕೇಳಿದಳು, ಅವನಿಗೆ ಕೇಳಿಸಲೆಂದೇ ಜೋರಾಗಿ.

"ನಾನು, ನೀನು," ಅಂದಳು ಜಿಯಾಬ್. "ನೇರ ಕಾರ್ಮಿಕ ಕಚೇರಿಗೆ. ಇವ್ನೂ ಬರ್ತಾನೆ. ರಾತ್ರಿ ಹೇಳಿದ್ದನ್ನ ಅಲ್ಲಿ ಹಗಲಲ್ಲಿ ಹೇಳ್ತಾನೆ."

ಸೋಮವಾರ ಗಾಲ್ಫ್ ಹೇಳಿದ ಕೂಡ. ನಾನೂ ಹೋಗಿದ್ದೆ, ಬಾಗಿಲಲ್ಲಿ ನಿಂತು ಕೇಳಿದೆ.

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಆದರೆ ಅವರು ರೈಲಿಳಿದಾಗ ಕರೆತರಲು ಹೋದವಳು ನಾನು. ಗಾಲ್ಫ್ ಬಲಗೈಯಲ್ಲಿ, ದಾರಿಯಲ್ಲಿ ಕೊಂಡ ನೀರಿನ ಬಾಟಲಿ ಇತ್ತು. ಬೆರಳು ಬಿಡಿಸಿ ತೆಗೆದುಕೊಂಡವಳು ನಾನೇ. ಒಳಗಿನ ನೀರು ತಳದವರೆಗೂ ಗಟ್ಟಿ ಮಂಜುಗಡ್ಡೆಯಾಗಿತ್ತು.