ಒಂದೇ ಬೀಗದ ಸ್ನೇಹ

ವೇದಿಕೆಯಲ್ಲಿರುವ ಅಧ್ಯಕ್ಷರೇ, ತಮ್ಮ ತಮ್ಮ ದೇಶದ ಬಾವುಟದ ಕೆಳಗೆ ಕುಳಿತಿರುವ ಇಬ್ಬರು ಮುಖ್ಯ ಅತಿಥಿಗಳೇ, ನನ್ನ ಕನ್ನಡವನ್ನು ಅವರ ಕಿವಿಗೆ ದಾಟಿಸುತ್ತಿರುವ ಐಶ್ವರ್ಯ ಮೇಡಂ ಅವರೇ, ಚಳ್ಳಕೆರೆ, ಮೊಳಕಾಲ್ಮುರು ಕಡೆಗಳಿಂದ ಬಂದಿರುವ ಸಭಿಕರೇ,

ಇಂದಿನ ಸನ್ಮಾನ ನನಗಲ್ಲ, ನನ್ನ ತಾಯಿ ಜುಂಜಮ್ಮನವರಿಗೆ. ಅವರು ಬಂದಿಲ್ಲ. "ಕುರಿ ಬಿಟ್ಟು ಹೆಂಗ್ ಬರ್ಲಿ ಕೃಷ್ಣಮೂರ್ತಿ? ನೀನು ಮೇಷ್ಟ್ರಾಗಿದ್ದೋನು, ನೀನೇ ಹೋಗಿ ನಾಕು ಮಾತಾಡಿ ಬಾ" ಎಂದು ನನ್ನನ್ನು ಕಳಿಸಿದ್ದಾರೆ. ನಿವೃತ್ತ ಮೇಷ್ಟರ ಕೈಗೆ ಮೈಕು ಕೊಟ್ಟರೆ ಏನಾಗುತ್ತದೆಂದು ನಿಮಗೆ ಗೊತ್ತೇ ಇದೆ. ಸಹಿಸಿಕೊಳ್ಳಬೇಕು.

ಇಬ್ಬರೂ ಅತಿಥಿಗಳು ಈಗತಾನೇ ತಮ್ಮ ದೇಶಗಳ ಎಂಬತ್ತು ವರ್ಷಗಳ ಸ್ನೇಹವನ್ನು ಹೊಗಳಿದರು. ಒಟ್ಟಿಗೆ ಯುದ್ಧ ಗೆದ್ದವರು, ಒಬ್ಬರ ಗುಟ್ಟನ್ನು ಇನ್ನೊಬ್ಬರು ಕಾಯ್ದವರು. ಒಪ್ಪಿದೆ. ಆದರೆ ಹೋದ ವರ್ಷ? ಒಬ್ಬರು ಇನ್ನೊಬ್ಬರ ಸರಕಿಗೆ ಸುಂಕ ಜಡಿದರು. ಅವರು ಇವರ ರಾಯಭಾರಿಯನ್ನು ಔತಣಕ್ಕೇ ಕರೆಯಲಿಲ್ಲ. ಆ ಸಿಟ್ಟು ಸಮುದ್ರ ದಾಟಿ ನಮ್ಮ ಕುರಿ ಮೇಯುವ ಕಾವಲಿಗೂ ಬಂತು. ಇಬ್ಬರೂ ಸೇರಿ ಕಟ್ಟಿದ ಈ ಆಕಾಶ ವೀಕ್ಷಣಾ ಕೇಂದ್ರದ ಗೇಟಿಗೆ ಒಬ್ಬರು ಬೀಗ ಹಾಕಿದರೆ ಇನ್ನೊಬ್ಬರು ಒಡೆಸಿದರು. ಕಡೆಗೆ ಯಾರ ಬೀಗವೂ ಇಲ್ಲದೆ ಗೇಟು ಹಾರುಹೊಡೆದಿತ್ತು.

ನಮಗೆ ಅದೇ ಒಳ್ಳೆಯ ಕಾಲ, ಸ್ವಾಮಿ! ಈ ಕೇಂದ್ರದ ಬೇಲಿಯೊಳಗೆ ಸಿಕ್ಕಿಕೊಂಡಿರುವ ಗೋಕಟ್ಟೆಯಲ್ಲಿ ನಮ್ಮ ಅಜ್ಜಂದಿರ ಕಾಲದಿಂದ ಕುರಿಗಳು ನೀರು ಕುಡಿದಿವೆ. ಬೇಸಿಗೆಯಲ್ಲಿ ಸುತ್ತಮುತ್ತ ನೀರು ನಿಲ್ಲುವುದು ಅಲ್ಲಿ ಮಾತ್ರ. ಇವರ ಸ್ನೇಹದಿಂದ ಕಳೆದುಕೊಂಡದ್ದು ಇವರ ಜಗಳದಿಂದ ನಮಗೆ ಮರಳಿ ಸಿಕ್ಕಿತ್ತು.

ಆದರೆ ಅವ್ವನಿಗೆ ಸಂಕಟ. ಕೇಂದ್ರದಲ್ಲಿ ಕೆಲಸ ಮಾಡುವ ಎರಡೂ ದೇಶದವರು ಬೇರೆ ಬೇರೆ ಜಾಲಿಮರದ ಕೆಳಗೆ, ಬೆನ್ನು ತಿರುಗಿಸಿಕೊಂಡು ಉಣ್ಣುವುದನ್ನು ನೋಡಿದಳು. "ಪಾಪ ಕಣಪ್ಪ, ಮನೆಮಠ ಬಿಟ್ಟು ಇಷ್ಟು ದೂರ ಬಂದವ್ರೆ, ಮಾತು ಬಿಟ್ಕಂಡವ್ರೆ" ಎಂದಳು. ನಮ್ಮ ಹಟ್ಟಿಯಲ್ಲಿ ಮಾತು ಬಿಟ್ಟವರನ್ನು ಒಂದೇ ಕಂಬಳಿ ಹಾಸಿ ಕೂರಿಸುತ್ತೇವೆ, ಮಾತಾಡದೆ ಏಳುವಂತಿಲ್ಲ. ನನಗೂ ನನ್ನ ಅಣ್ಣ ಬೊಮ್ಮಲಿಂಗಪ್ಪನಿಗೂ ಹಾಗೇ ಹಾಸಿದ್ದಳು. ರಾಜಿಯಾದೆವು. ಎದ್ದವರೇ ಇಬ್ಬರೂ ಸೇರಿ ಅವ್ವನ ಕುರಿರೊಪ್ಪದ ಜಾಗವನ್ನು ನಮ್ಮ ಹೊಲಕ್ಕೆ ಸೇರಿಸಿಕೊಂಡೆವು... ಅದು ಇಲ್ಲಿಗೆ ಬೇಡ, ಬಿಡಿ.

ಅವ್ವ ಕಂಬಳಿ ಹಾಸಿದಳು. ಎರಡೂ ಕಡೆಯ ಮುಖ್ಯಸ್ಥರು ನಗುತ್ತಾ ಕೂತರು. ನನ್ನ ಮಗಳು ಸ್ವಪ್ನ ಫೋನಿನಲ್ಲಿ ತೆಗೆದ ಆ ಫೋಟೋ ಎರಡೂ ದೇಶಗಳ ಪತ್ರಿಕೆಗಳಲ್ಲಿ ಬಂತು. ರಾಜಧಾನಿಗಳಲ್ಲಿ ದೊಡ್ಡವರು ಕೈ ಕುಲುಕಿದರು. ಸಂತೋಷ. ಆದರೆ ರಾಜಿಯಾದ ಮಹನೀಯರು ಇಲ್ಲಿ ಒಟ್ಟಾಗಿ ಮಾಡಿದ ಮೊದಲ ಕೆಲಸ ಯಾವುದು? ಗೇಟಿಗೆ ಬೀಗ! ಎರಡೂ ಬಾವುಟಗಳ ಚಿತ್ರವಿರುವ ಒಂದೇ ಬೀಗ!

ನೀರಿಗೆ ದಾರಿ ಬಿಡಿ ಎಂದು ಒಂದು ದೇಶದವರನ್ನು ಕೇಳಿದೆವು. ಇನ್ನೊಂದು ದೇಶದವರು ಒಪ್ಪಬೇಕು ಎಂದರು. ಇವರನ್ನು ಕೇಳಿದರೆ ಅವರು ಒಪ್ಪಬೇಕು ಎಂದರು. ಎಂಥ ಒಗ್ಗಟ್ಟು! ಜಗಳವಾಡುವಾಗ, ಇನ್ನೊಬ್ಬರ ಹೊಟ್ಟೆ ಉರಿಸಲಿಕ್ಕಾದರೂ ಒಬ್ಬರು ನಮ್ಮ ಮಾತು ಕೇಳುತ್ತಿದ್ದರು. ಈ ಬೇಸಿಗೆಯಲ್ಲಿ ನೀರು ಹುಡುಕಿಕೊಂಡು ಕೊಂಡ್ಲಹಳ್ಳಿ ಕಡೆಗೆ ಕುರಿ ಹೊಡೆದುಕೊಂಡು ಹೋದೆವು. ಎಳೆಮರಿಗಳು ದಾರಿಯಲ್ಲೇ ಸತ್ತವು. ಸತ್ತ ಮರಿಯೊಂದನ್ನು ಮಡಿಲಲ್ಲಿಟ್ಟುಕೊಂಡು ಅವ್ವ, "ನಾನ್ಯಾಕಾದ್ರೂ ಇವ್ರನ್ನ ಒಂದ್ಮಾಡಿದ್ನೋ" ಎಂದು ಅತ್ತಳು. ನನ್ನ ರಕ್ತ ಕುದಿಯುತ್ತದೆ, ಸಭಿಕರೇ! ಆ ತಾಯಿಗೆ ಇವತ್ತು ಶಾಂತಿದೂತೆ ಎಂಬ ಬಿರುದು ಕೊಡುತ್ತೀರಾ? ಯಾರ ಶಾಂತಿ ಇದು?

ಅಧ್ಯಕ್ಷರು ಆಗಿನಿಂದ ಗಡಿಯಾರ ತೋರಿಸುತ್ತಿದ್ದಾರೆ. ಮುಗಿಸುತ್ತೇನೆ. ಇಷ್ಟು ಹೊತ್ತು ಎಳೆದದ್ದು ಬೇಕೆಂದೇ. ನಿಮ್ಮ ಕಾರುಗಳಿಗಾಗಿ ಇವತ್ತು ಗೇಟು ತೆರೆದಿದೆ. ಕಾವಲುಗಾರರೆಲ್ಲ ಕೇಂದ್ರದೊಳಗಿನ ಈ ಸಭಾಂಗಣದ ಬಂದೋಬಸ್ತಿಗೆ ಬಂದಿದ್ದಾರೆ. ಐಶ್ವರ್ಯ ಮೇಡಂ, ಇದನ್ನು ನಿಧಾನವಾಗಿ, ಇಬ್ಬರಿಗೂ ಒಟ್ಟಿಗೇ ತಿಳಿಸಿ: ಜುಂಜಮ್ಮನವರು ಇಡೀ ಹಟ್ಟಿಯ ಕುರಿಗಳೊಂದಿಗೆ ಈಗ ಗೋಕಟ್ಟೆಯ ದಡದಲ್ಲಿದ್ದಾರೆ. ಅಲ್ಲಿಂದ ಗೇಟಿನ ತನಕ ದಾರಿ ತುಂಬ ಕುರಿಗಳೇ. ಬಾಯಾರಿ ಬಂದ ಕುರಿಗಳು, ಯಾರೂ ಅರ್ಧಕ್ಕೆ ಅಟ್ಟಬಾರದು. ಅವು ಹೊಟ್ಟೆತುಂಬ ಕುಡಿದು ಹೊರಗೆ ಹೋಗುವ ತನಕ ಆ ಗೇಟಿನಲ್ಲಿ ಒಂದು ಕಾರೂ ದಾಟಲಾರದು. ಅಲ್ಲಿಯವರೆಗೆ ಎರಡೂ ಮಿತ್ರರಾಷ್ಟ್ರಗಳು ದಯವಿಟ್ಟು ಕೂತಿರಬೇಕು.

ನಮ್ಮ ಕುರಿಗಳ ಪರವಾಗಿ ನಿಮ್ಮೆಲ್ಲರಿಗೂ ವಂದನೆಗಳು. ನಮಸ್ಕಾರ.